ಬಟ್ಟೆಯಲ್ಲಿಲ್ಲದ ಗೆರೆ

ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಇಪ್ಪತ್ತು ವರ್ಷ ಬಟ್ಟೆ ಚೆಕಿಂಗ್ ಮಾಡಿದವನು ನಾನು. ಕೆಳಗೆ ದೀಪವಿಟ್ಟ ಗಾಜಿನ ಮೇಲೆ ಬಟ್ಟೆ ಸರಿಯುತ್ತಿರುತ್ತದೆ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡುವುದು ನನ್ನ ಚಾಳಿ. ಆ ಕಣ್ಣಿನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಆ ಜಂಬವೂ ನನಗಿತ್ತು.

ನಿಟ್ಟಿಂಗ್ ಮೆಷಿನ್ ಓಡಿಸುತ್ತಿದ್ದವನು ನನ್ನ ಒಬ್ಬನೇ ಗೆಳೆಯ. ಅಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಟೀ ಹೊತ್ತಿಗೆ ಗೇಟಿನ ಹೊರಗೆ ಸಿಗರೇಟು ಹಚ್ಚಿ, ಮನೆಮಾತಿನಲ್ಲಿ ಲೋಕವನ್ನೆಲ್ಲ ಬೈಯುತ್ತಿದ್ದೆವು. ಹೆಂಡತಿ ತೀರಿಹೋದ ಮೇಲೆ ನನ್ನ ಪಾಲಿನ ಕನ್ನಡವೆಂದರೆ ಆ ಹತ್ತು ನಿಮಿಷ.

ಆ ವಾರ ನನ್ನ ಗಾಜಿನ ಮೇಲೆ ಬರುತ್ತಿದ್ದುದು ಅವನ ಮೆಷಿನ್ನಿನ ಬಟ್ಟೆ ಮಾತ್ರ. ಒಂದು ಬೆಳಿಗ್ಗೆ ಅದರ ಉದ್ದಕ್ಕೂ ಮಸುಕು ಗೆರೆ ಕಂಡಿತು. ಮೆಷಿನ್ನಿನ ಸೂಜಿ, ಅಲ್ಲಿಯವರ ಬಾಯಲ್ಲಿ ಊಸಿ, ಕೆಟ್ಟರೆ ಹಾಗೇ ಬರುವುದು.

“ಊಸಿ ನೆನ್ನೆ ತಾನೇ ಬದ್ಲಾಯ್ಸಿದ್ದೀನಿ ಅಣ್ಣಾ. ಬೇರೆ ಯಾರಾದ್ರೂ ನೋಡ್ಲಿ,” ಅಂದ.

ಮೂಗಿನ ತುದಿಯಲ್ಲೇ ಕೋಪ ನನಗೆ. “ನನ್ ಕಣ್ಣಿಗೇ ಸಾಕ್ಷಿ ಕೇಳ್ತೀಯಾ?” ಎಂದು ಎಲ್ಲರೆದುರು ಕೂಗಾಡಿ, ಬಟ್ಟೆಯ ರೋಲನ್ನು ಕೆಟ್ಟ ಮಾಲೆಂದು ಪಕ್ಕಕ್ಕೆ ತಳ್ಳಿಸಿದೆ. ಮರುದಿನವೂ ಹಾಗೇ ಆಯಿತು. ಮೂರನೇ ದಿನ ಅವನು ಕೆಲಸ ಬಿಟ್ಟು ತನ್ನೂರು ಉಡುಮಲೈಪೇಟೆಗೆ ಹೋದ.

ಆಮೇಲೆ ಬೇರೆಯವರ ಬಟ್ಟೆಯಲ್ಲೂ ಅದೇ ಗೆರೆ. ಗೋಡೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಅದೇ ಮಸುಕು. ಕೊಯಮತ್ತೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಬಲಗಣ್ಣೊಳಗಿನ ಫೋಟೋ ತೋರಿಸಿದರು. ಕೆಂಪು ನೂಲೆಳೆಗಳಂಥ ರಕ್ತನಾಳಗಳು. ಒಂದು ಕಟ್ಟಿಕೊಂಡು ರಕ್ತ ಸೋರಿತ್ತು. ಸಿಗರೇಟಿನ ವಿಷ ರಕ್ತಕ್ಕೆ ಸೇರಿ ಇಂಥ ಸಣ್ಣ ನಾಳಗಳ ಒಳಗೋಡೆ ಕೆಡಿಸುತ್ತದೆ, ಇನ್ನೂ ಸೇದಿದರೆ ಎಡಗಣ್ಣಿಗೂ ಅಪಾಯ ಎಂದರು. ಆ ರಕ್ತದ ಕಲೆ ನನ್ನ ಕಣ್ಣಲ್ಲಿ ನಿಂತಿತ್ತು, ಕೆಳಗೆ ಬಟ್ಟೆ ಸರಿಯುತ್ತಿತ್ತು, ಅದೇ ಗೆರೆಯಾಗಿ ಕಂಡಿತ್ತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಚಿಕೆಯಿಂದ ಅಳು ಬಂತು.

ವಾಪಸ್ ಬರುವಾಗ ಅಲ್ಲಿನ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ ಕೂತು ಅವನಿಗೆ ಫೋನ್ ಮಾಡಿದೆ. “ಗೆರೆ ನನ್ ಕಣ್ಣಲ್ಲಿತ್ತಪ್ಪಾ. ನಿನ್ ಬಟ್ಟೆ ಚೆನ್ನಾಗೇ ಇತ್ತು. ಎಲ್ಲಾ ಸಿಗರೇಟಿಂದ ಆಗಿದ್ದಂತೆ. ಮನಸ್ಸಲ್ಲಿ ಇಟ್ಕೋಬೇಡ, ವಾಪಸ್ ಬಾ,” ಅಂದೆ.



“ಅತ್ತಿಗೆ ಹೋದಾಗ ನಿಂಗೆ ಸಿಗರೇಟು ಕಲ್ಸಿದ್ದು ನಾನೇ ಅಲ್ವಾ ಅಣ್ಣಾ? ಹಂಗಾದ್ರೆ ಆ ಗೆರೆ ನಂದೇ,” ಎಂದು ಫೋನ್ ಇಟ್ಟ.

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಈಗ ನನ್ನನ್ನು ಪ್ಯಾಕಿಂಗ್‌ಗೆ ಹಾಕಿದ್ದಾರೆ. ಟೀ ಹೊತ್ತಿಗೆ ಸಿಗರೇಟಿಲ್ಲದೆ ಗೇಟಿನ ಹೊರಗೆ ನಿಂತು ದಿನಾ ಅವನಿಗೆ ಫೋನ್ ಮಾಡುತ್ತೇನೆ. ಅವನು ಎತ್ತುವುದಿಲ್ಲ.