ನಾಲಿಗೆಯನ್ನು ನಂಬಿದ ದೇರಪ್ಪ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಭಾಗಮಂಡಲದ ಜೇನು ವ್ಯಾಪಾರಿ ಸಣ್ಣಸ್ವಾಮಿ ತನ್ನ ಮಳಿಗೆಯಲ್ಲಿ ರುಚಿ ನೋಡುವ ಕೆಲಸಕ್ಕಿದ್ದ ದೇರಪ್ಪನವರು ಒಪ್ಪದ ಜೇನನ್ನು ಕೊಳ್ಳುತ್ತಿರಲಿಲ್ಲ. ಬೆಲ್ಲದ ಪಾಕ ಬೆರೆತಿದ್ದರೆ ಅವರ ನಾಲಿಗೆಯ ತುದಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಒಂದು ಬೇಸಗೆಯಲ್ಲಿ ದೇರಪ್ಪನವರ ಎಡಗಾಲ ಹೆಬ್ಬೆರಳಿಗೆ ಮುಳ್ಳು ತಗುಲಿ ಆದ ಗಾಯ ಮಾಯಲಿಲ್ಲ. ಮಡಿಕೇರಿಯ ಡಾಕ್ಟರರು ಮೂತ್ರ ಪರೀಕ್ಷಿಸಿ ಸಕ್ಕರೆ ಕಾಯಿಲೆ ಎಂದರು. ದಿನವೂ ಇನ್ಸುಲಿನ್ ಸೂಜಿ ಬೇಕು, ಸಿಹಿ ಬಿಡಬೇಕು, ಇಲ್ಲವಾದರೆ ಕಾಲು ಉಳಿಯದು ಎಂದು ಎಚ್ಚರಿಸಿದರು.

ಅಷ್ಟರಲ್ಲಿ ನೆಂಟರೊಬ್ಬರು ಸಕ್ಕರೆ ಕಾಯಿಲೆಗೆ ಮದ್ದೆಂದು ಮಧುನಾಶಿನಿ ಬಳ್ಳಿಯ ಎಲೆ ತಂದುಕೊಟ್ಟರು. ಅದನ್ನು ಜಗಿದು ಬೆಲ್ಲ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಯಿತು.

“ಕಂಡೆಯಾ ಪೊನ್ನಮ್ಮ, ಸಕ್ಕರೆ ಸತ್ತ್ ಹೋತ್,” ಎಂದರು ಹೆಂಡತಿಗೆ.

“ಸತ್ತದ್ ನಿಮ್ಮ ನಾಲಿಗೆಲಿ. ಕಾಲ್‌ಲಿ ಸತ್ತುಟಾ?”

“ಬಾಯಿಗೇ ಗೊತ್ತಾಗದ್ದ್ ಮೈಗೆ ಹೆಂಗೆ ಗೊತ್ತಾದು? ನಿಂಗೆ ಎಂತ ಗೊತ್ತುಟು!”

ಆ ಎಲೆಯಿಂದ ರಸಾಯನಶಾಸ್ತ್ರಜ್ಞರು ಆಮ್ಲವೊಂದನ್ನು ಬೇರ್ಪಡಿಸಿ ಆಗಲೇ ಬಹಳ ಕಾಲವಾಗಿತ್ತು. ಸಿಹಿ ಅರಿಯುವ ನಾಲಿಗೆಯ ಶಕ್ತಿಯನ್ನು ಅದು ಸ್ವಲ್ಪ ಹೊತ್ತು ತಡೆಯುತ್ತದೆ. ರಕ್ತದ ಸಕ್ಕರೆಯ ಮೇಲೂ ಅದಕ್ಕೆ ಪ್ರಭಾವವಿದೆಯೇ ಎಂಬ ಪ್ರಯೋಗಗಳು ನಡೆದಿದ್ದವು. ಇನ್ಸುಲಿನ್ ಬೇಕಾದವರು ಅದನ್ನು ಬಿಟ್ಟು ಎಲೆ ಜಗಿಯಬಹುದೆಂದು ಯಾವ ಪ್ರಯೋಗವೂ ತೋರಿಸಿರಲಿಲ್ಲ. ದೇರಪ್ಪನವರಿಗೆ ಗೊತ್ತಿದ್ದ ಪರೀಕ್ಷೆ ಒಂದೇ, ನಾಲಿಗೆಯದು. ಆ ನಾಲಿಗೆ ಅವರಿಗೆ ಎಂದೂ ಸುಳ್ಳು ಹೇಳಿರಲಿಲ್ಲ.

ಸೂಜಿ ನಿಂತಿತು. ಎಲೆ ಜಗಿದೇ ಮಳಿಗೆಗೆ ಹೋಗತೊಡಗಿದರು. ಜೇನು ಬಾಯಿಗಿಟ್ಟು ಏನೂ ಹೇಳಲಾರದೆ ಕುಳಿತರೆ ಸಣ್ಣಸ್ವಾಮಿ ನಗುತ್ತಿದ್ದ. “ಏನ್ ದೇರಪ್ಪಣ್ಣ, ನಾಲಿಗೆ ರಜಾ ಹಾಕೈತಾ?”

“ಕಾಲು ಮಾದ ಮೇಲೆ ಎಲೆ ಬಿಡ್ತೇನೆ ಮಾರಾಯ.”

ಸ್ವಲ್ಪ ದಿನದಲ್ಲಿ ಸಣ್ಣಸ್ವಾಮಿ ರುಚಿ ನೋಡಲು ಬೇರೊಬ್ಬನನ್ನು ಇಟ್ಟುಕೊಂಡ. ದೇರಪ್ಪನವರು ಚಿಂತಿಸಲಿಲ್ಲ. ಸಿಹಿ ಎನಿಸದ ಮೇಲೆ ಪಾಯಸಕ್ಕೂ ಬೇಡವೆನ್ನಲಿಲ್ಲ. ಬೆರಳು ಕಪ್ಪಾದಾಗ ನೋವಿರಲಿಲ್ಲ. ಅದನ್ನೂ ಗುಣವಾಗುವ ಲಕ್ಷಣವೆಂದೇ ಎಣಿಸಿದರು.

ವಾಸನೆ ತಾಳಲಾರದೆ ಪೊನ್ನಮ್ಮ ಅವರನ್ನು ಮಡಿಕೇರಿಯ ಬಸ್ಸು ಹತ್ತಿಸುವಷ್ಟರಲ್ಲಿ ಪಾದ ಕೊಳೆತಿತ್ತು. ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು. ಕತ್ತರಿಸಿದ ಜಾಗವೂ ಮಾಯಲಿಲ್ಲ, ಜ್ವರ ಏರಿತು.

“ಈಗ ಸೂಜಿ ಹಾಕಿದ್ರೆ ಗುಣ ಆಗ್ತದಾ ಡಾಕ್ಟ್ರೆ?” ಪೊನ್ನಮ್ಮ ಕೇಳಿದರು.

“ಹಾಕ್ತಾನೇ ಇದ್ದೇವಮ್ಮ. ನಂಜು ಮೇಲಕ್ಕೆ ಹತ್ತಿದೆ.”

“ಇನ್ನೂ ಮೇಲೆ ಕತ್ತರಿಸಿದ್ರೆ?”

ಡಾಕ್ಟರರು ಪಕ್ಕದ ಮಂಚಕ್ಕೆ ಹೋದರು. ಪೊನ್ನಮ್ಮ ಕಂಬಳಿಯಡಿ ಕೈಹಾಕಿ ಗಂಡನ ಬಲಗಾಲನ್ನು ಹಿಡಿದು ಕುಳಿತರು. ಮೈಯ ಜೊತೆಗೆ ಅದೂ ತಣ್ಣಗಾಗುತ್ತಿತ್ತು.