ಟ್ಯಾಂಕರ್ ಬಿಡಿಸಿಕೊಳ್ಳಲು ಬಂದವರು

ನನ್ನ ಭಾವ ಒಂದು ಕಾರ್ಖಾನೆಯ ಟ್ಯಾಂಕರ್ ಓಡಿಸುತ್ತಿದ್ದರು. ಮೇಲಿನವರು ಹೇಳಿದರೆಂದು ಅದರ ಕೊಳಕು ನೀರನ್ನು ಗಂಡಸಿ ಕಡೆಯ ಕೆರೆಗೆ ಬಿಟ್ಟು ಸಿಕ್ಕಿಬಿದ್ದರು. ಕಂಪನಿ ಕೈತೊಳೆದುಕೊಂಡಿತು. ತಪ್ಪೆಲ್ಲ ಡ್ರೈವರನದೇ ಎಂದಿತು. ಭಾವನಿಗೆ ಜೈಲು ಖಚಿತವೆಂದುಕೊಂಡೆ.

"ಕಂಪನಿಗೆ ಮನಸ್ಸು ಅಂತಲೇ ಇಲ್ಲ ಕಣಕ್ಕ. ಅದರ ತಪ್ಪನ್ನ ಕೋರ್ಟು ಹೇಗೆ ಹಿಡಿಯುತ್ತೆ?" ಎಂದು ಅರಸೀಕೆರೆ ಕೋರ್ಟಿನ ಮೆಟ್ಟಿಲ ಮೇಲೆ ವಾದಿಸಿದೆ.

"ನಿನ್ ಕಾಲೇಜು ಪಾಠ ಸಾಕು ಕಣೋ. ಹೊಲ ಮೇಯ್ದ ದನಾನ ದೊಡ್ಡಿಗೆ ಕೂಡಿದ್ರೆ, ಬಿಡಿಸ್ಕಳಾಕೆ ಬಂದೋನು ತಾನೆ ದಂಡ ಕಟ್ಟೋದು? ಪೊಲೀಸ್ರು ಹಿಡಿದಿದ್ದ ಟ್ಯಾಂಕರ್ ಬಿಡಿಸ್ಕಳಾಕೆ ಯಾರು ಬಂದಿದ್ರು?" ಎಂದಳು ಅಕ್ಕ.

ನಾನು ನಕ್ಕೆ. ಪಕ್ಕದಲ್ಲಿದ್ದ ನಮ್ಮ ವಕೀಲರು ನಗಲಿಲ್ಲ. ಒಳಗೆ ಕಂಪನಿಯ ಮ್ಯಾನೇಜರನ್ನು ಅದನ್ನೇ ಕೇಳಿದರು.

"ನಾವೇ ಬಂದಿದ್ವಿ."

"ಏನು ಹೇಳಿ ಬಿಡಿಸಿಕೊಂಡ್ರಿ?"

ಆತ ತಡವರಿಸಿದ. "ಗಾಡಿ ನಮ್ಮ ಕೆಲಸಕ್ಕೇ ಹೋಗಿತ್ತು ಅಂತ..."

ಕೊನೆಗೆ ಕಂಪನಿಯೇ ಅಪರಾಧಿ ಎಂದು ತೀರ್ಪಾಯಿತು. ಭಾವನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಟ್ಯಾಂಕರಿನ ನಲ್ಲಿ ತಿರುಗಿಸಿದ್ದು ಅವರೇ ಆದ್ದರಿಂದ ಅದು ನನಗೆ ನ್ಯಾಯವೆನಿಸಿತು.

ಆಗ ಕೋರ್ಟೆಲ್ಲ ಚಪ್ಪಾಳೆ ತಟ್ಟಿದಂತೆ ನನಗೆ ನೆನಪು. ಜಡ್ಜರ ಮುಂದೆ ಯಾರು ತಟ್ಟುತ್ತಾರೆ? ಬಹುಶಃ ನನ್ನ ಎದೆಬಡಿತವೇ ಹಾಗೆ ಕೇಳಿಸಿರಬೇಕು. ಆದರೆ ಗಂಡಸಿ ಬಸ್ಸಿನಲ್ಲಿ ಅಕ್ಕ ಕೂಗಿದ್ದು ಮಾತ್ರ ಖಂಡಿತ:

"ಏನೋ, ನಿನ್ ಮನಸ್ಸಿಲ್ದೋನು ಸಿಗಾಕ್ಕಂಡ್ನಲ್ಲೋ!"

ಎಷ್ಟೋ ತಿಂಗಳಿಂದ ತಲೆಯೆತ್ತದಿದ್ದ ಭಾವ ಬಸ್ಸಿಗೆಲ್ಲ ಕೇಳುವಂತೆ ನಕ್ಕರು. ಸೋತ ನಾನೂ ನಕ್ಕೆ.