ಫೈಲಿಗೆ ಇಟ್ಟ ಹೆಸರು

ಕಂಪ್ಯೂಟರಿಗೆ ಏನೇ ಆಗಲಿ, ನಮ್ಮ ಕಡೆ ಅದಕ್ಕೆ ಒಂದೇ ಔಷಧ: ಫಾರ್ಮ್ಯಾಟ್ ಹೊಡೆಯುವುದು. ಶುರುವಾಗುತ್ತಿಲ್ಲವೇ, ಫಾರ್ಮ್ಯಾಟ್. ನಿಧಾನವೇ, ಫಾರ್ಮ್ಯಾಟ್. ಪ್ರಿಂಟರ್ ಕಾಗದ ನುಂಗಿತೆಂದು ಹೇಳಿದ್ದಕ್ಕೆ ಕಂಪ್ಯೂಟರನ್ನು ಫಾರ್ಮ್ಯಾಟ್ ಹೊಡೆದು ಕೊಟ್ಟ ಮಹಾಶಯರೊಬ್ಬರನ್ನು ಗಂಗಾವತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಒಳಗಿದ್ದ ಫೋಟೋ, ಕಾಗದಪತ್ರ ಎಲ್ಲ ಹೋದವಲ್ಲಪ್ಪ ಎಂದರೆ, "ಈಗ ಹೊಸದರಂಗ ಛಲೋ ಓಡತೈತಿ ನೋಡ್ರಿ ಸರ್" ಎಂದು ಹಲ್ಲು ಕಿರಿದರು. ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಉರಿಯಲ್ಲೇ ನಾನು ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು; ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ಇನ್ನೊಂದು ವ್ಯವಸ್ಥೆ ಅದು. ವಿಂಡೋಸ್ ಎಕ್ಸ್‌ಪಿ ಊರೆಲ್ಲ ತುಂಬಿದ್ದ ಕಾಲ. ನಾನು ಯಲಬುರ್ಗಾ ಕಡೆಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ, ಮನೆ ಕುಷ್ಟಗಿಯಲ್ಲಿ. ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ವಿಂಡೋಸನ್ನು ಅದರ ಪಾಡಿಗೆ ಬಿಟ್ಟು, ಇನ್ನೊಂದರಲ್ಲಿ ಲಿನಕ್ಸ್ ಕೂರಿಸಿದೆ. ಬಟನ್ ಒತ್ತಿದರೆ ಮೊದಲು ಕಪ್ಪು ಪರದೆ ಬಂದು, ಎರಡರಲ್ಲಿ ಯಾವುದು ಬೇಕು ಎಂದು ಕೇಳುತ್ತಿತ್ತು. ಅವ್ವನಿಗೆ ಇದೆಲ್ಲ ಬೇರೆ ಕೆಲಸವಿಲ್ಲದವನ ಕೆಲಸವಾಗಿ ಕಾಣುತ್ತಿತ್ತು.

ಮನೆಯಲ್ಲಿ ಇದ್ದವರು ಮೂವರು: ಅವ್ವ, ನಾನು, ವೈನಿ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಕಾಮಾಲೆ ಎಂದು ಮಲಗಿದವನು ಏಳಲೇ ಇಲ್ಲ. ಅವನ ಕಚೇರಿಯಲ್ಲೇ ಅನುಕಂಪದ ಮೇಲೆ ವೈನಿಗೆ ನೌಕರಿ ಸಿಕ್ಕಿತು. ತಾವರಗೇರಾದ ಒಕ್ಕಲುತನದ ಮನೆಯಿಂದ ಬಂದ ಅವರು ಪಿಯುಸಿ ಮುಗಿಸಿದ ಮೇಲೆ ಪುಸ್ತಕ ಮುಟ್ಟಿದವರಲ್ಲ. ಕಚೇರಿಯವರು ಕೆಟ್ಟವರಲ್ಲ, ಆದರೆ 'ಅವರಿಗೆ ಕಂಪ್ಯೂಟರ್ ಎಲ್ಲಿ ಬರತೈತಿ ಬಿಡ್ರಿ' ಎಂದು ತಾವೇ ತೀರ್ಮಾನಿಸಿ, ಬಂದವರಿಗೆ ನೀರು ಕೊಡುವುದು, ಫೈಲು ಒಯ್ಯುವುದು, ಇಷ್ಟನ್ನೇ ವಹಿಸಿದ್ದರು. ಬಾಗಿಲ ಬಳಿಯ ಸ್ಟೂಲೇ ಅವರ ಜಾಗ. ಗಂಡ ಮೇಜಿನ ಮುಂದೆ ಕುಳಿತಿದ್ದ ಕಚೇರಿಯಲ್ಲಿ ತಾನು ಸ್ಟೂಲಿನ ಮೇಲೆ ಕೂರುವುದು ಅವರಿಗೆ ಎಷ್ಟು ಚುಚ್ಚುತ್ತಿತ್ತು ಎಂಬುದನ್ನು ಬಾಯಿ ಬಿಟ್ಟು ಹೇಳಿದವರಲ್ಲ. ಒಂದು ದಿನ ಸಂಜೆ ಬಂದು, "ನನಗ ಟೈಪ್ ಮಾಡೋದು ಕಲಸ್ರಿ" ಎಂದರು, ಅಷ್ಟೆ.

ಕಲಿಸಿದೆ. ನಾನು ತಾಳ್ಮೆಯ ಗುರುವಲ್ಲ, ಆದರೆ ಅವರು ತಾಳ್ಮೆಯ ಶಿಷ್ಯೆ. ವಿಂಡೋಸಿನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಿ ಕೊಟ್ಟೆ. ದಿನವೂ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು ಬಂದು ಕೀಲಿಮಣೆ ಬಡಿಯುತ್ತಿದ್ದರು. ಬರೆದದ್ದನ್ನು ಉಳಿಸುವುದು ಹೇಗೆಂದು ತೋರಿಸಿದ ದಿನ ನಾನು ಹೇಳಿದ ಮಾತು ಚೆನ್ನಾಗಿ ನೆನಪಿದೆ: "ಫೈಲಿಗೆ ಹೆಸರು ಕೇಳತೈತಿ. ಜೀವ ಹೋದ್ರೂ ಮರೀಬಾರದಂಥ ಹೆಸರು ಇಡ್ರಿ." ವೈನಿ ತಲೆಯಾಡಿಸಿದರು.

ಕಡೆಗೊಮ್ಮೆ ಕಚೇರಿಯ ಸಾಹೇಬರು, ಇರಲಿ ನೋಡೋಣ ಎಂದು, ಕೊಪ್ಪಳದ ಸಭೆಗೆ ಒಯ್ಯಬೇಕಾದ ವರದಿಯೊಂದನ್ನು ಟೈಪ್ ಮಾಡಲು ಅವರ ಕೈಗೆ ಕೊಟ್ಟರು. ಸೋಮವಾರ ಬೆಳಿಗ್ಗೆ ತರಬೇಕು. ಸರಿಯಾಗಿ ಬಂದರೆ ಮೇಜು, ಇಲ್ಲದಿದ್ದರೆ ಮತ್ತೆ ಸ್ಟೂಲು. ವೈನಿ ವಾರವಿಡೀ ಕುಳಿತು ಟೈಪ್ ಮಾಡಿದರು. ಭಾನುವಾರ ಮಧ್ಯಾಹ್ನ ಮುಗಿಸಿ, ಉಳಿಸಿ ಏಳುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ವಿಂಡೋಸ್ ಏಳಲೇ ಇಲ್ಲ. ನೀಲಿ ಪರದೆ ಬರುತ್ತಿತ್ತು, ಬಿಳಿ ಅಕ್ಷರದಲ್ಲಿ ಏನೇನೋ ಗೊಣಗುತ್ತಿತ್ತು, ಆರಿಹೋಗುತ್ತಿತ್ತು, ಮತ್ತೆ ಅದೇ.

"ಮುಗೀತಲ್ರಿ. ನಾಳಿಂದ ಮತ್ತ ನೀರಿನ ಗ್ಲಾಸು," ಎಂದರು ವೈನಿ. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದೆ. "ಫಾರ್ಮ್ಯಾಟ್ ಹೊಡೀಬೇಕ್ರಿ ಸರ್" ಎಂದ. ಫೋನು ಕುಕ್ಕಿದೆ.

ಕಪ್ಪು ಪರದೆಯಲ್ಲಿ ಲಿನಕ್ಸ್ ಆರಿಸಿದೆ. ವಿಂಡೋಸ್ ಏಳದಿದ್ದರೇನು, ಅದು ಕಾಯುತ್ತಿದ್ದ ಸಾಮಾನು ಡಿಸ್ಕಿನ ಆ ಭಾಗದಲ್ಲಿ ಹಾಗೇ ಇರುತ್ತದೆ, ಲಿನಕ್ಸಿನಿಂದ ಅದನ್ನು ತೆಗೆದು ನೋಡಬಹುದು ಎಂದು ವೈನಿಗೆ ಧೈರ್ಯ ಹೇಳಿದೆ. ವಿಂಡೋಸಿನ ಭಾಗದ ಮೇಲೆ ಒತ್ತಿದರೆ, ಇದನ್ನು ಸರಿಯಾಗಿ ಮುಚ್ಚಿಲ್ಲ, ತೆರೆಯಲಾರೆ ಎಂದಿತು. ಓದುವುದಕ್ಕೆ ಮಾತ್ರ ಕೊಡು, ಏನೂ ಬರೆಯುವುದಿಲ್ಲ ಎಂದು ಕಮಾಂಡ್ ಟೈಪ್ ಮಾಡಿ ಕೇಳಿಕೊಂಡೆ. ಒಪ್ಪಿತು.

"ಈಗ ನೋಡಬಹುದು, ಆದ್ರ ಒಳಗಿನದು ಏನೂ ಬದಲು ಮಾಡಂಗಿಲ್ಲ," ಎಂದೆ.

"ಮಡೀಲೆ ಇದ್ದೋರ್ನ ದೂರದಿಂದ ಮಾತಾಡಿಸಿದಂಗ," ಎಂದರು ವೈನಿ. ಆ ಹೊತ್ತಿನಲ್ಲೂ ನಗು ಬಂತು.

"ಎಲ್ಲಿ ಉಳಿಸೀರಿ?"

"ಅದು ಕೇಳಿದ್ದಕ್ಕೆಲ್ಲ ಹೂಂ ಅಂದೀನ್ರಿ."

ಒಳಗೆ ಫೈಲುಗಳ ಜಾತ್ರೆಯೇ ಇತ್ತು. ನನ್ನ ಪ್ರಶ್ನೆಪತ್ರಿಕೆಗಳು, ಓಣಿಯವರ ಬಯೋಡಾಟಾ, ಯಾರದೋ ಮದುವೆ ಕರೆಯೋಲೆ. ತಾರೀಖು ನೋಡಿ ಹುಡುಕೋಣವೆಂದರೆ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿ, ಎಲ್ಲ ಫೈಲಿಗೂ ಒಂದೇ ತಾರೀಖು ಬಿದ್ದಿತ್ತು. ಆ ಬ್ಯಾಟರಿ ತರಬೇಕೆಂದು ದಿನವೂ ಅಂದುಕೊಂಡು ದಿನವೂ ಮರೆಯುತ್ತಿದ್ದವನು ನಾನೇ. ಇನ್ನು ಉಳಿದದ್ದು ಹೆಸರಿನಿಂದ ಹುಡುಕುವ ದಾರಿ ಒಂದೇ.

"ಏನಂತ ಹೆಸರು ಇಟ್ಟೀರಿ?"

ವೈನಿ ಪಡಸಾಲೆಯ ಕಡೆ ನೋಡಿದರು.

"ಮರೆತ್ರೇನು?"

"ಇಲ್ರಿ."

"ಮತ್ತ ಹೇಳ್ರಿ."

ಅವರು ಸೆರಗಿನ ತುದಿ ಹಿಡಿದು ನೆಲ ನೋಡುತ್ತ ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. "ನಾಳಿ ನೌಕರಿ ಮಾತದು ವೈನಿ, ಬಾಯಿ ಬಿಡ್ರಿ!" ಎಂದು ಕೂಗಿದೆ.

ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಅವ್ವ ಅಲ್ಲಿಂದಲೇ ಹೇಳಿದಳು: "ಯಾಕ ಅಕಿ ಮ್ಯಾಲ ಒದರತೀ? ಅಕಿ ಬಾಯಾಗ ಬರೋ ಹೆಸರಲ್ಲದು. ನಿಮ್ಮಣ್ಣನ ಹೆಸರ ಹಾಕಿ ನೋಡು."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದಾಗ ಒಡಪು ಎನ್ನುವ ಪ್ರಾಸದ ಸಾಲು ಕಟ್ಟಿ, ಅದರ ನಡುವೆ ಹೆಸರು ಸೇರಿಸಿ ಹೇಳಬೇಕು. ವೈನಿಯ ಬಾಯಲ್ಲಿ ಅಣ್ಣನ ಹೆಸರು ನಾವು ಕೇಳಿದ್ದು ಅದೊಂದೇ ಸಲ. ಆಮೇಲೆ ಯಾರು ಕೇಳಿದರೂ, "ರೇಷನ್ ಕಾರ್ಡಿನ್ಯಾಗ ಬರದಾರ ನೋಡ್ರಿ" ಎನ್ನುತ್ತಿದ್ದರು. ಅಣ್ಣ ಹೋದ ಮೇಲೆ ಅವ್ವನೂ ನಾನೂ 'ಅವ' ಎನ್ನುತ್ತಿದ್ದೆವೇ ಹೊರತು ಹೆಸರು ಹಿಡಿಯುತ್ತಿರಲಿಲ್ಲ. ಯಾರೂ ಹೀಗೆ ಮಾಡೋಣವೆಂದು ಹೇಳಿಕೊಂಡಿರಲಿಲ್ಲ. ಆ ಹೆಸರು ತಾನಾಗಿಯೇ ಮನೆಯಿಂದ ಎದ್ದು ಹೋಗಿತ್ತು.

ಹುಡುಕುವ ಜಾಗದಲ್ಲಿ ಅಣ್ಣನ ಹೆಸರು ಟೈಪ್ ಮಾಡಿದೆ. ಪರದೆಯ ತುಂಬ ಬಂತು. ಅಣ್ಣನ ಹೆಸರು, ಪಕ್ಕದಲ್ಲಿ ಒಂದು. ಅಣ್ಣನ ಹೆಸರು, ಎರಡು. ಅಣ್ಣನ ಹೆಸರು, ಮೂರು. ಹೀಗೇ ಕೆಳಗಿನವರೆಗೆ. ಕಲಿಯಲು ಕುಳಿತ ಮೊದಲ ದಿನದಿಂದ ವೈನಿ ಟೈಪ್ ಮಾಡಿದ್ದೆಲ್ಲ ಆ ಹೆಸರಿನಲ್ಲೇ ಇತ್ತು. ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಅಣ್ಣನ ಸಹಿ ನೋಡಿ ಕಲಿತುಕೊಂಡಿದ್ದರಂತೆ.

"ಮರೀಬಾರದಂಥ ಹೆಸರು ಅಂದ್ರಲ್ರಿ ನೀವ," ಎಂದರು ಮೆಲ್ಲಗೆ.

ನನಗೆ ಅಳು ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ.

ಕೊನೆಯ ಸಂಖ್ಯೆಯದೇ ವರದಿ. ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. "ಕೆಟ್ಟು ಹೋಗೇತೇನ್ರಿ?" ಎಂದರು ವೈನಿ. ಕ್ಷಣ ನನಗೂ ಹಾಗೇ ಅನಿಸಿತು. ಆಮೇಲೆ ಹೊಳೆಯಿತು: ಲಿನಕ್ಸಿನಲ್ಲಿ ನುಡಿಯ ಫಾಂಟ್, ಅಂದರೆ ಅದರ ಕನ್ನಡ ಅಕ್ಷರಗಳ ಅಚ್ಚು, ಇರಲಿಲ್ಲ. ಆ ಫಾಂಟ್ ಇದ್ದದ್ದೂ ವಿಂಡೋಸಿನ ಆ ಭಾಗದಲ್ಲೇ. ಅಲ್ಲಿಂದ ಅದನ್ನು ಈಚೆಗೆ ತಂದು ಹಾಕಿ ಮತ್ತೆ ತೆರೆದೆ. ಸಾಲುಗಳೆಲ್ಲ ಕನ್ನಡವಾದವು. ವೈನಿ ಪರದೆಯ ಮೇಲೆ ಬೆರಳಿಟ್ಟು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, "ಎಲ್ಲಾ ಅದಾವ್ರಿ" ಎಂದು ಕುರ್ಚಿಗೆ ಒರಗಿದರು.

ಅಣ್ಣನ ಹೆಸರಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದೆ. "ಇದರಾಗಾದ್ರ ಹೆಸರು ಬದಲಿ ಮಾಡಾಕ ಬರತೈತಿ. 'ವರದಿ' ಅಂತ ಇಡಲೇನು? ನಾಳಿ ಯಾವ ಫೈಲು ಅಂತ ಕೇಳಿದ್ರ ನಾಕು ಮಂದಿಯಾಗ ಹೇಳಬೇಕಾಗತೈತಿ," ಎಂದೆ.

"ಬ್ಯಾಡ್ರಿ. ಆ ಹೆಸರಿಲೇ ಕಲ್ತೀನಿ, ಆ ಹೆಸರಿಲೇ ಹೋಗಲಿ."

ಸೋಮವಾರ ಸಂಜೆ ನಾನು ಶಾಲೆಯಿಂದ ಬಂದಾಗ ವೈನಿ ಅಡುಗೆಮನೆಯಲ್ಲಿ ಅವ್ವನಿಗೆ ಎಲ್ಲ ಹೇಳುತ್ತಿದ್ದರು. ಪೆನ್‌ಡ್ರೈವ್ ತೆರೆದ ಗುಮಾಸ್ತರು ಪಟ್ಟಿ ನೋಡಿ ತಬ್ಬಿಬ್ಬಾಗಿ, "ಇದರಾಗ ಯಾವುದ್ರಿ ನಿಮ್ಮದು?" ಎಂದು ಕೇಳಿದರಂತೆ. ಸಾಹೇಬರು ಪಕ್ಕದಲ್ಲೇ ನಿಂತಿದ್ದರಂತೆ. ವೈನಿ ಅಣ್ಣನ ಹೆಸರು ಹೇಳಿದರಂತೆ, ಮುಂದಿನ ಸಂಖ್ಯೆಯನ್ನೂ ಹೇಳಿದರಂತೆ. ಅಣ್ಣನ ಜೊತೆ ವರ್ಷಗಟ್ಟಲೆ ಚಹಾ ಕುಡಿದ ಮಂದಿಯೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರಂತೆ. ಸಾಹೇಬರು ಪ್ರಿಂಟು ತೆಗೆಸಿ, ನಿಂತೇ ಓದಿ, "ನಾಳಿಂದ ಆ ಮೇಜಿಗೆ ಕೂಡ್ರಿ" ಎಂದರಂತೆ.

ಅವ್ವ ಮೇಜಿನ ವಿಷಯ ಕೇಳಲೇ ಇಲ್ಲ. "ಹೇಳಿದೇನ? ಬಾಯಿ ಬಿಟ್ಟು?" ಎಂದಳು.

"ಹೂಂನ್ರಿ ಅತ್ತಿ."

"ನಾ ಇಟ್ಟ ಹೆಸರದು. ಕೇಳಿ ಭಾಳ ದಿನ ಆತು. ಒಮ್ಮಿ ಹೇಳವಾ, ಕೇಳತೀನಿ."

ನಾನು ಬಾಗಿಲಲ್ಲೇ ನಿಂತೆ. ವೈನಿ ಸೆರಗು ತಲೆಯ ಮೇಲೆ ಎಳೆದುಕೊಂಡರು. ಒಲೆಯ ಕಡೆ ಮುಖ ಮಾಡಿ, ಅಣ್ಣನ ಹೆಸರು ಹೇಳಿದರು. ಹಿತ್ತಲಲ್ಲಿ ಇದ್ದವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ.

"ಓ," ಎಂದಳು ಅವ್ವ.

ಸ್ವಲ್ಪ ಹೊತ್ತಿನ ಮೇಲೆ, "ಕರದ್ರ ಯಾರರ ಓ ಅನಬೇಕಲ್ಲ," ಎಂದು ಹಿಟ್ಟಿನ ಪರಾತಕ್ಕೆ ನೀರು ಹಾಕಿದಳು.